ನನ್ನ ಸಬ್ಜೆಕ್ಟು ನಮ್ಮತ್ತೆ

ಜುಲೈ ೮, ಸೋಮವಾರ

ಸೀಟು ಸಿಕ್ಕಿತು! ಅತ್ತೆಗೂ ಸಿಕ್ಕಿತು.

ಮೊದಲನೇ ವಾಕ್ಯ ಬರೆದಾಗ ಕುಣಿಯೋ ಹಾಗಿತ್ತು. ಎರಡನೇದು ಬರೆದು ಮಂಚದ ಮೇಲೆ ಬೋರಲು ಬಿದ್ದುಕೊಂಡೆ. ಈಗ ಎದ್ದು ಕೂತು ಬರೀತಿದೀನಿ, ಯಾಕಂದ್ರೆ ಇದನ್ನ ಯಾರಿಗಾದ್ರೂ ಹೇಳದೇ ಇದ್ರೆ ಹೊಟ್ಟೆ ಒಡೆದುಹೋಗುತ್ತೆ.

ಮದುವೆಗೋಸ್ಕರ ಅರ್ಧಕ್ಕೆ ಬಿಟ್ಟ ಡಿಗ್ರಿ ಮತ್ತೆ ಮೊದಲಿಂದ ಶುರುಮಾಡ್ತೀನಿ, ಅದೂ ಸೈಕಾಲಜಿನೇ ಓದ್ತೀನಿ ಅಂತ ವರ್ಷದಿಂದ ಇವರ ತಲೆ ತಿಂದಿದ್ದೆ. ಮನುಷ್ಯರ ಮನಸ್ಸು ಹೇಗೆ ಓಡುತ್ತೆ ಅಂತ ತಿಳಿಯೋ ಆಸೆ ಅರ್ಧ. ಇನ್ನರ್ಧ, ಇಲ್ಲಿ ಸುಳ್ಳು ಯಾಕೆ, ಹಗಲೆಲ್ಲ ಅತ್ತೆ ಕಣ್ಣಿಂದ ದೂರ ಇರಬಹುದಲ್ಲ ಅನ್ನೋ ಆಸೆ. ಈ ಮನೇಲಿ ನಾನು ತೊಳೆದಿಟ್ಟ ಪಾತ್ರೆನ ಅವರು ಮತ್ತೆ ತೊಳೀತಾರೆ. ಬೈಯೋದಿಲ್ಲ, ಗೊಣಗೋದಿಲ್ಲ. ಸುಮ್ಮನೆ ಬಂದು ಸೌಟು ಎತ್ತಿ ಬೆಳಕಿಗೆ ಹಿಡಿದು, "ಹಿಡಿ ಕೆಳಗೆ ಜಿಡ್ಡು ಹಾಗೇ ಇದೆ" ಅಂತ ಅಷ್ಟೇ ಅಂದು ನಲ್ಲಿ ತಿರುಗಿಸ್ತಾರೆ. ಬೈದಿದ್ರೆ ನಾನೂ ಎರಡು ಮಾತು ಆಡಿ ಹಗುರ ಆಗ್ತಿದ್ದೆ.

ಇವತ್ತು ಅರ್ಜಿ ಕೊಡೋಕೆ ಹೊರಟಾಗ "ಒಬ್ಬಳೇ ಯಾಕೆ ಸಾಲಲ್ಲಿ ನಿಲ್ತೀಯ, ನಡಿ" ಅಂತ ಜೊತೆಗೆ ಬಂದ್ರು. ಕಾಲೇಜಿನ ಗುಮಾಸ್ತ ನಮ್ಮಿಬ್ಬರನ್ನೂ ನೋಡಿ ತಮಾಷೆಗೆ "ಇಬ್ಬರಿಗೂನಾ?" ಅಂದ. ಅಷ್ಟೇ ಸಾಕಾಯ್ತು.

"ವಯಸ್ಸಿನ ಮಿತಿ ಏನಾದ್ರೂ ಇದೆಯಾ?"

"ಇಲ್ಲಮ್ಮ."

"ಹಾಗಾದ್ರೆ ಇನ್ನೊಂದು ಅರ್ಜಿ ಕೊಡಪ್ಪ."

ಪಿಯುಸಿ ಸರ್ಟಿಫಿಕೇಟು ಅವರ ಬ್ಯಾಗಲ್ಲೇ ಇತ್ತು. ಬ್ಯಾಗಲ್ಲೇ! ಫೋಟೋ ಸಮೇತ! ಅಂದ್ರೆ ನನ್ನ ಜೊತೆಗೆ ಬಂದಿದ್ದೇ ಒಂದು ನೆಪ. ದೊಡ್ಡಾಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿ ಇಡೀ ಆಯಸ್ಸು ತೇದು ಹೋದ ವರ್ಷ ನಿವೃತ್ತಿ ಆದ ಹೆಂಗಸು, ಇನ್ಮೇಲೆ ಕಾಲು ಚಾಚಿ ಟಿವಿ ನೋಡ್ತಾರೆ ಅಂದ್ಕೊಂಡ್ರೆ!

ಇವರಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಕೂರಿಸೋ ಕೆಲಸ. ಸಂಜೆ ಬಂದವರಿಗೆ ಸುದ್ದಿ ಹೇಳಿದಾಗ ಚಹಾ ಮೂಗಲ್ಲಿ ಬರೋ ಹಾಗೆ ನಕ್ಕರು. ಆಮೇಲೆ ಅಮ್ಮನ ಮುಖ ನೋಡಿದ್ರು, ನನ್ನ ಮುಖ ನೋಡಿದ್ರು, ಲೋಟ ತಗೊಂಡು ಮೆಲ್ಲಗೆ ರೂಮಿಗೆ ಹೋದ್ರು.

ಜುಲೈ ೧೫, ಸೋಮವಾರ

ಮೊದಲನೇ ದಿನ. ಬಸ್ಸಿಳಿದು ಕಾಲೇಜಿನ ಗೇಟಿನ ಹತ್ತಿರ ಅತ್ತೆ ನನ್ನ ತಡೆದು ನಿಲ್ಲಿಸಿದ್ರು.

"ನೋಡು, ಈ ಗೇಟು ದಾಟಿದ ಮೇಲೆ ನಾನು ನಿನ್ನ ಅತ್ತೆ ಅಲ್ಲ. ನೀನು ನನ್ನ ಸೊಸೆ ಅಲ್ಲ. ಹುಟ್ಟಿದಾಗಿಂದ ಯಾರದೋ ಮಗಳು, ಯಾರದೋ ಹೆಂಡತಿ, ಯಾರದೋ ಅಮ್ಮ ಆಗಿದ್ದು ಸಾಕು. ಇಲ್ಲಿ ನಾನು ನಾನೇ. ಯಾರಿಗೂ ಹೇಳಕೂಡದು."

ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು! "ಆಗಲಿ ಅತ್ತೆ" ಅಂದೆ. "ಅತ್ತೆ ಅಲ್ಲ" ಅಂದ್ರು. "ಆಗಲಿ... ಮೇಡಂ" ಅಂದೆ. ಅವರು ಮೊದಲನೇ ಬೆಂಚಲ್ಲಿ ಕೂತ್ರು, ನಾನು ಕೊನೇ ಬೆಂಚಲ್ಲಿ.

ಪಕ್ಕದಲ್ಲಿ ಕೂತ ಹುಡುಗಿಗೆ ಹುಟ್ಟಿದಾಗಿಂದ ಬಾಯಿ ಮುಚ್ಚಿ ಗೊತ್ತಿಲ್ಲ. ಗಿಣಿ ಅಂತ ಹೆಸರಿಟ್ಟಿದೀನಿ. ಪಾಠ ಮುಗಿಯೋದರೊಳಗೆ ಅವಳ ಮನೆಯ ಬೆಕ್ಕಿನ ವಂಶಾವಳಿ ಪೂರ್ತಿ ಹೇಳಿದಳು. ನಾನೂ ಸುಮ್ಮನಿರಲಾರದೆ ನಮ್ಮತ್ತೆ ಕಥೆ, ಪಾತ್ರೆ ಮತ್ತೆ ತೊಳೆಯೋ ಕಥೆ, ಎಲ್ಲ ಕಕ್ಕಿಬಿಟ್ಟೆ. ಹೇಳಿದಷ್ಟೂ ಹಿತವಾಗಿತ್ತು. ಆ ಅತ್ತೆ ಮೊದಲನೇ ಬೆಂಚಲ್ಲೇ ಕೂತಿದಾರೆ ಅಂತ ಮಾತ್ರ ಹೇಳಲಿಲ್ಲ.

ಜುಲೈ ೧೮, ಗುರುವಾರ

ಗ್ರಹಚಾರ!

ನಮಗೆ ವಾರಕ್ಕೆ ಎರಡು ದಿನ ಪ್ರಯೋಗ. ಸೈಕಾಲಜಿ ಲ್ಯಾಬಲ್ಲಿ ಕಪ್ಪೆ ಇಲ್ಲ, ಗಾಜಿನ ನಳಿಕೆ ಇಲ್ಲ. ಇರೋದು ಎದುರಾಬದುರಾ ಎರಡು ಕುರ್ಚಿ, ಮಧ್ಯೆ ಒಂದು ಮೇಜು, ಒಂದು ಸ್ಟಾಪ್‌ವಾಚು. ಒಂದು ಕುರ್ಚಿಯಲ್ಲಿ ಪ್ರಯೋಗ ಮಾಡುವವರು, ಇನ್ನೊಂದರಲ್ಲಿ ಸಬ್ಜೆಕ್ಟು. ಸಬ್ಜೆಕ್ಟು ಅಂದ್ರೆ ಪಾಠದ ವಿಷಯ ಅಲ್ಲ, ಯಾರ ಮೇಲೆ ಪ್ರಯೋಗ ನಡೆಯುತ್ತೋ ಆ ಬಡಪಾಯಿ. ಜೋಡಿ ಹೇಗೆ ಮಾಡ್ತಾರೆ? ರೋಲ್ ನಂಬರಿನ ಪ್ರಕಾರ. ರೋಲ್ ನಂಬರು ಹೇಗೆ ಕೊಟ್ಟಿದಾರೆ? ಅರ್ಜಿ ಕೊಟ್ಟ ಸಾಲಿನ ಪ್ರಕಾರ. ಆ ಸಾಲಲ್ಲಿ ನನ್ನ ಹಿಂದೆ ಯಾರು ನಿಂತಿದ್ರು?

ಲ್ಯಾಬ್ ಮೇಡಂ ಕಡ್ಡಿ ಮುರಿದ ಹಾಗೆ ಹೇಳಿದ್ರು: ಸೆಮಿಸ್ಟರು ಪೂರ್ತಿ ಇದೇ ಜೋಡಿ, ಪರೀಕ್ಷೆಗೂ ಇದೇ ಜೋಡಿ, ಅವತ್ತು ಒಬ್ಬರು ಬರದಿದ್ರೆ ಇಬ್ಬರೂ ಫೇಲು. ಅತ್ತೆ ಅಪರಿಚಿತರನ್ನ ನೋಡೋ ಹಾಗೆ ನನ್ನ ನೋಡಿ "ಸಂತೋಷ" ಅಂದ್ರು.

ಇನ್ನೊಂದು ನಿಯಮ ಇದೆ, ಅದು ವಿಚಿತ್ರ. ಪ್ರತಿ ಪ್ರಯೋಗ ಆದಮೇಲೆ ಸಬ್ಜೆಕ್ಟು ತನಗೆ ಒಳಗೊಳಗೆ ಏನನಿಸಿತು ಅಂತ ಬಾಯಿಬಿಟ್ಟು ಹೇಳಬೇಕು. ಅದಕ್ಕೆ ಒಳಗಿನ ವರದಿ ಅಂತೀವಿ. ಪ್ರಯೋಗ ಮಾಡುವವರು ಅದನ್ನ ಹೇಳಿದ ಹಾಗೇ ಬರ್ಕೋಬೇಕು. ತಲೆ ಆಡಿಸೋ ಹಾಗಿಲ್ಲ, ಹುಬ್ಬು ಹಾರಿಸೋ ಹಾಗಿಲ್ಲ, ಎದುರುತ್ತರವಂತೂ ಕೂಡದೇ ಕೂಡದು. ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಬಹುದು: "ಇನ್ನೇನಾದರೂ ಹೇಳುವುದಿದೆಯೇ?"

ಅತ್ತೆ ಮಾತಾಡ್ತಾರೆ, ಸೊಸೆ ಎದುರಾಡೋ ಹಾಗಿಲ್ಲ. ಇದಕ್ಕೆ ಕಾಲೇಜಿಗೆ ಯಾಕೆ ಬರಬೇಕಿತ್ತು, ಮನೇಲೇ ಇತ್ತಲ್ಲ!

ಜುಲೈ ೨೪, ಬುಧವಾರ

ಗುಟ್ಟು. ನಾನೂ ಇವರೂ ಒಂದು ಮನೆ ನೋಡಿ ಬಂದ್ವಿ!

ಇವರ ಅಂಗಡಿ ಹಿಂದಿನ ಬೀದಿ, ಮಹಡಿ ಮೇಲೆ, ಎರಡೇ ರೂಮು. ಅಡುಗೆಮನೆ ಕಿಟಕಿ ಪೂರ್ವಕ್ಕಿದೆ, ಬಿಸಿಲು ನೇರ ಒಲೆ ಮೇಲೆ ಬೀಳುತ್ತೆ. ಈಗಿರೋರು ನವೆಂಬರಲ್ಲಿ ಬಿಡ್ತಾರಂತೆ, ಆಮೇಲೆ ಬೀಗದ ಕೈ ನಮ್ಮದೇ. ನನ್ನ ಮನೆ, ನನ್ನ ಸೌಟು, ನನ್ನ ಜಿಡ್ಡು! ಮೆಟ್ಟಿಲಿಳಿಯೋವಾಗ ಇವರ ಕೈ ಹಿಡ್ಕೊಂಡು ಹಾರಿಬಿಟ್ಟೆ.

ಅತ್ತೆಗೆ ಹೇಳೋದು ಯಾರು? ಬೆಕ್ಕಿಗೆ ಗಂಟೆ ಕಟ್ಟೋರು ಯಾರು? ಇವರು ನನ್ನ ಮುಖ ನೋಡಿದ್ರು, ನಾನು ಇವರ ಮುಖ ನೋಡಿದೆ. ಪರೀಕ್ಷೆ ಮುಗಿಯೋವರೆಗೂ ತುಟಿ ಪಿಟಕ್ ಅನ್ನಕೂಡದು ಅಂತ ತೀರ್ಮಾನ ಆಯ್ತು. ಈಗ ಹೇಳಿ, ಅವರು ಮುನಿಸಿಕೊಂಡು ಕಾಲೇಜೇ ಬಿಟ್ರೆ ನನ್ನ ಸಬ್ಜೆಕ್ಟು ಹೋಯ್ತು, ನನ್ನ ಪರೀಕ್ಷೆಯೂ ಹೋಯ್ತು.

ಆಗಸ್ಟ್ ೨, ಶುಕ್ರವಾರ

ಇವತ್ತು ನಕ್ಕು ನಕ್ಕು ಪಕ್ಕೆ ನೋವು. ನಗೋ ಹಾಗಿರಲಿಲ್ಲ ಅನ್ನೋದೇ ನೋವು.

ಕನ್ನಡಿ ಪ್ರಯೋಗ. ಕಾಗದದ ಮೇಲೆ ಒಂದು ನಕ್ಷತ್ರ ಅಚ್ಚಾಗಿರುತ್ತೆ. ಕೈ ನೇರ ಕಾಣದ ಹಾಗೆ ಅಡ್ಡ ಒಂದು ಹಲಗೆ. ಸಬ್ಜೆಕ್ಟು ಎದುರಿನ ಕನ್ನಡಿಯಲ್ಲಿ ಮಾತ್ರ ನೋಡ್ಕೊಂಡು ಗೆರೆ ದಾಟದೆ ನಕ್ಷತ್ರ ಬಿಡಿಸಬೇಕು. ನಾನು ಸ್ಟಾಪ್‌ವಾಚು ಹಿಡಿದು ಗಂಟಲು ಸರಿಮಾಡ್ಕೊಂಡು "ನಾನು ಶುರು ಎಂದಾಗ ಶುರುಮಾಡಿ, ನಿಲ್ಲಿಸಿ ಎಂದಾಗ ನಿಲ್ಲಿಸಿ" ಅಂದೆ. ಆಹಾ! ಮದುವೆ ಆದಾಗಿಂದ ಅತ್ತೆಗೆ ನಾನು ಕೊಟ್ಟ ಮೊದಲನೇ ಅಪ್ಪಣೆ! ಇನ್ನೊಂದ್ಸಲ ಹೇಳಿದೆ, ಬೇಕಂತಲೇ.

ಅತ್ತೆ ಪೆನ್ಸಿಲ್ಲು ಮೇಲೆ ಹೋಗು ಅಂದ್ರೆ ಕೆಳಗೆ ಹೋಯ್ತು. ಎಡಕ್ಕೆ ಎಳೆದ್ರೆ ಬಲಕ್ಕೆ ಜಾರಿತು. ಮೂಲೆಗೆ ಬಂದು ಅಲ್ಲೇ ಗಿರಕಿ ಹೊಡೆಯೋಕೆ ಶುರುಮಾಡ್ತು. "ಥೂ ನಿನ್ನ!" ಅಂದ್ರು ನಕ್ಷತ್ರಕ್ಕೆ. "ಇದು ಯಾವ ಶನಿ ಕೈ, ನನ್ನದೇನಾ?" ಅಂದ್ರು. ನಾನು ಕೆನ್ನೆ ಒಳಗಿಂದ ಕಚ್ಕೊಂಡು ಕಲ್ಲಿನ ಹಾಗೆ ಕೂತಿದ್ದೆ. ಮುಗಿದಾಗ ಕಾಗದದ ಮೇಲೆ ನಕ್ಷತ್ರ ಇರಲಿಲ್ಲ, ಕೋಳಿ ಕೆದಕಿದ ಹಾಗಿತ್ತು.

ಒಳಗಿನ ವರದಿಯಲ್ಲಿ ಅತ್ತೆ ಹೇಳಿದ್ದು: "ಕಣ್ಣಿಗೆ ಎಲ್ಲ ಗೊತ್ತು, ಕೈಗೆ ಏನೂ ಗೊತ್ತಿಲ್ಲ ಅನ್ನಿಸ್ತು. ನಾಚಿಕೆ ಆಯ್ತು. ಎದುರಿಗೆ ಕೂತ ಹುಡುಗಿ ನಗಲಿಲ್ಲ. ಅದು ಒಳ್ಳೇದಾಯ್ತು."

ನಾನು ಕೆನ್ನೆ ಕಚ್ಕೊಂಡಿದ್ದು ಅವರಿಗೆ ಕಂಡಿರಲಿಲ್ಲ ಅಂತ ಕಾಣುತ್ತೆ.

ಆಗಸ್ಟ್ ೧೪, ಬುಧವಾರ

ಮನೇಲಿ ದೊಡ್ಡ ಜಗಳ. ನಾನು ತೊಳೆದ ಕುಕ್ಕರಿನ ಮುಚ್ಚಳಾನ ಅವರು ಮತ್ತೆ ನಲ್ಲಿ ಕೆಳಗೆ ಹಿಡಿದ್ರು, ನನ್ನ ತಲೆ ಕೆಟ್ಟುಹೋಯ್ತು. "ನನ್ನ ಕೈಯಲ್ಲಿ ಆಗಲ್ಲ ಅಂತ ನೇರ ಹೇಳಿಬಿಡಿ ಅತ್ತೆ!" ಅಂತ ಕೂಗಿದೆ. ಅವರೂ ಕೂಗಿದ್ರು. ಇವರು ಮಧ್ಯೆ ಬಂದು "ಅಮ್ಮಾ... ಏಯ್..." ಅಂದ್ರು. ಇಬ್ಬರೂ ಸೇರಿ "ನೀನು ಸುಮ್ಮನಿರು!" "ನೀವು ಸುಮ್ಮನಿರಿ!" ಅಂದ್ವಿ.

ಆಗ ಅತ್ತೆ ಒಂದು ಕೆಲಸ ಮಾಡಿದ್ರು. ನಲ್ಲಿ ನಿಲ್ಲಿಸಿ, ಊಟದ ಮೇಜಿನ ಈಚೆ ಕುರ್ಚಿ ಎಳ್ಕೊಂಡು ಕೂತು, ಆಚೆ ಕುರ್ಚಿ ತೋರಿಸಿದ್ರು. "ಕೂತ್ಕೋ. ನೀನು ಸಬ್ಜೆಕ್ಟು. ಹೇಳು, ನಾನು ಬಾಯಿ ತೆಗೆಯಲ್ಲ."

ನಾನು ಶುರುಮಾಡಿದೆ ನೋಡಿ! ಮದುವೆಯಾದ ದಿನದಿಂದ ಹಿಡಿದು ಕುಕ್ಕರಿನ ಮುಚ್ಚಳದವರೆಗೆ ಒಂದೂ ಬಿಡಲಿಲ್ಲ. ಅವರು ಕಣ್ಣು ಮಿಟುಕಿಸದೆ ಕೇಳಿದ್ರು. ಆಸ್ಪತ್ರೆಗೆ ಫೋನ್ ಮಾಡಿದವರ ಅಳು, ಕಿರುಚಾಟ ಎಲ್ಲ ಕೇಳಿ ಅಭ್ಯಾಸ ಇರೋ ಹೆಂಗಸು. ಕೊನೆಗೆ ಅದೇ ಆಪರೇಟರ್ ದನಿಯಲ್ಲಿ "ಇನ್ನೇನಾದರೂ ಹೇಳುವುದಿದೆಯೇ?" ಅಂದ್ರು. ಆ ಪ್ರಶ್ನೆಗೆ ಏನೋ ಮಾಟ ಇದೆ. ಬೈಗುಳ ಎಲ್ಲ ಖಾಲಿ ಆಗಿತ್ತು, ಆದ್ರೂ ಇನ್ನೊಂದು ಮಾತು ತಾನಾಗೇ ಬಂತು: "ನಾನು ಮಾಡಿದ್ದು ಒಂದ್ಸಲನಾದ್ರೂ ಚೆನ್ನಾಗಿದೆ ಅನ್ನಿ."

ಆಮೇಲೆ ಕುರ್ಚಿ ಬದಲಾಯಿಸಿದ್ವಿ. ಅವರು ಹೇಳಿದ್ದು ಇಷ್ಟೇ: "ರಾತ್ರಿಪಾಳಿ ಮುಗಿಸಿ ಬಂದಾಗ ಕಿವಿಯೊಳಗೆ ಜನರ ಅಳು ಹಾಗೇ ಇರ್ತಿತ್ತು. ನಲ್ಲಿ ಬಿಟ್ಟು ಪಾತ್ರೆ ತೊಳೆದ್ರೆ ಆ ಸದ್ದಿಗೆ ಅದು ಹೋಗ್ತಿತ್ತು. ಕೊಳೆ ಇರಲಿ ಇಲ್ಲದಿರಲಿ. ಈಗ ಪಾಳಿ ಇಲ್ಲ, ಕೈ ಮಾತ್ರ ಬಿಡ್ತಿಲ್ಲ."

ನಾನು ಎದುರಾಡೋ ಹಾಗಿರಲಿಲ್ಲವಲ್ಲ.

ಆಗಸ್ಟ್ ೨೯, ಗುರುವಾರ

ಗಿಣಿಗೆ ನಮ್ಮದೊಂದು ಚಿಂತೆ. "ಯಾಕೆ ಆ ಆಂಟಿ ಜೊತೆ ನೀವು ಮಾತೇ ಆಡಲ್ಲ? ಪಾಪ ಕಣಕ್ಕ, ಒಳ್ಳೇವರು. ನಾನು ರಾಜಿ ಮಾಡಿಸ್ಲಾ?"

"ಬೇಡ ತಾಯಿ."

"ಅವರ ಕಷ್ಟ ನಿಮಗೆ ಗೊತ್ತಿಲ್ಲ. ಮನೇಲಿ ಒಬ್ಬಳು ಸೊಸೆ ಇದಾಳಂತೆ. ಬಾಯಿ ಅಂದ್ರೆ ಬಾಯಂತೆ! ಪಾತ್ರೆ ತೊಳೆಯೋಕೆ ಬರಲ್ವಂತೆ, ಹೇಳಿದ್ರೆ ಮೂಗಿನ ತುದಿಯಲ್ಲೇ ಕೋಪವಂತೆ."

ಕುಡೀತಿದ್ದ ನೀರು ನೆತ್ತಿಗೇರಿತು. ಗಿಣಿ ಬೆನ್ನು ತಟ್ಟಿದಳು. "ನಿಮ್ಮ ಅತ್ತೆ, ಅವರ ಸೊಸೆ, ಇಬ್ಬರನ್ನೂ ಒಂದೇ ಮನೇಲಿ ಕೂಡಿ ಹಾಕಬೇಕು ನೋಡಿ, ಆಗ ಬುದ್ಧಿ ಬರುತ್ತೆ" ಅಂದಳು.

ಸಂಜೆ ಬಸ್ಸಲ್ಲಿ ಇದನ್ನ ಅತ್ತೆಗೆ ಹೇಳಿದೆ. ಕಾಲೇಜು ದಾಟಿದ್ವಲ್ಲ, ಮಾತಾಡಬಹುದು. ಇಬ್ಬರೂ ನಗೋದು ನೋಡಿ ಕಂಡಕ್ಟರ್ ಟಿಕೆಟ್ಟು ಕೇಳೋದೇ ಮರೆತ. ಇಳಿಯೋ ಸ್ಟಾಪ್ ದಾಟಿಹೋಗಿ ಹಿಂದಕ್ಕೆ ನಡ್ಕೊಂಡು ಬಂದ್ವಿ.

ಸೆಪ್ಟೆಂಬರ್ ೬, ಶುಕ್ರವಾರ

ನೆಗಡಿ. ಕಾಲೇಜಿಗೆ ಹೋಗಲಿಲ್ಲ. ಅತ್ತೆ ಬರ್ಕೊಂಡು ಬಂದ ನೋಟ್ಸು ನೋಡಿದೆ, ಮೇಷ್ಟ್ರು ಕೆಮ್ಮಿದ್ದನ್ನೂ ಬರೆದಿದಾರೆ.

ಸೆಪ್ಟೆಂಬರ್ ೨೦, ಶುಕ್ರವಾರ

ಕತ್ತಿ ಅಂಚಿನ ಮೇಲೆ ನಡೆದು ಪಾರಾಗಿ ಬಂದೆ!

ಇವತ್ತಿನ ಪ್ರಯೋಗ: ಎದುರಿನವರು ಒಂದು ಪದ ಹೇಳ್ತಾರೆ, ಸಬ್ಜೆಕ್ಟು ತಲೆಗೆ ಬಂದ ಮೊದಲನೇ ಪದ ತಟ್ಟನೆ ಹೇಳಬೇಕು. ಯೋಚನೆ ಮಾಡೋ ಹಾಗಿಲ್ಲ. ಎಲ್ಲಿ ತಡವರಿಸ್ತಾರೋ ಅಲ್ಲಿ ಒಳಗೇನೋ ಇದೆ ಅಂತ ಲೆಕ್ಕ. ಮೊದಲು ಅತ್ತೆ ಸಬ್ಜೆಕ್ಟು. "ರಾತ್ರಿ" ಅಂದೆ, "ಪಾಳಿ" ಅಂದ್ರು. "ತಾಯಿ" ಅಂದೆ, "ಸುಸ್ತು" ಅಂದ್ರು. "ಗಂಡ" ಅಂದಾಗ ಸ್ಟಾಪ್‌ವಾಚು ಓಡ್ತಾನೇ ಇತ್ತು, ಆಮೇಲೆ "ಚಪ್ಪಲಿ" ಅಂದ್ರು. ಮಾವ ತೀರಿಹೋಗಿ ಎಷ್ಟೋ ವರ್ಷ ಆಗಿದೆ, ಅವರ ಚಪ್ಪಲಿ ಇನ್ನೂ ಬಾಗಿಲ ಹಿಂದೆ ಇದೆ. ನಾನು ತಲೆ ತಗ್ಗಿಸಿ ಬರ್ಕೊಂಡೆ.

ಆಮೇಲೆ ನಾನು ಸಬ್ಜೆಕ್ಟು. ಅತ್ತೆ ಆಪರೇಟರ್ ದನಿ ತೆಗೆದ್ರು.

"ಮನೆ."

"ಬಾಡಿಗೆ." ಅಯ್ಯೋ!

"ಕಿಟಕಿ."

"ಪೂರ್ವ." ಅಯ್ಯಯ್ಯೋ! ನಾಲಿಗೆ ಹಿಡ್ಕೋಬೇಕು, ಹುಷಾರಾಗಬೇಕು ಅಂದ್ಕೊಳ್ಳೋವಷ್ಟರಲ್ಲಿ...

"ಬೀಗ."

ಮುಳ್ಳು ಓಡ್ತಿದೆ. ಏನಾದ್ರೂ ಹೇಳು, ಏನಾದ್ರೂ ಹೇಳು...

"ನವೆಂಬರ್!"

ಪಕ್ಕದ ಮೇಜಿನ ಗಿಣಿ ಕತ್ತು ಚಾಚಿ "ಬೀಗಕ್ಕೂ ನವೆಂಬರಿಗೂ ಏನಕ್ಕ ಸಂಬಂಧ?" ಅಂದಳು. "ಚಳಿಗೆ ತಣ್ಣಗಾಗಿರುತ್ತೆ" ಅಂದೆ. ಅತ್ತೆ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ, ಬರ್ಕೊಂಡ್ರು. "ಇನ್ನೇನಾದರೂ ಹೇಳುವುದಿದೆಯೇ?" "ಇಲ್ಲ." "ಸರಿ."

ಏನೂ ಹೊಳೆದಿಲ್ಲ ಅವರಿಗೆ! ಮನೆಗೆ ಬಂದು ಇವರಿಗೆ ಹೇಳಿದ್ರೆ ಇವರ ಮುಖ ಬಿಳಿಚಿಕೊಳ್ತು. ಸುಮ್ಮನೆ ಹೆದರ್ತಾರೆ.

ಸೆಪ್ಟೆಂಬರ್ ೨೨, ಭಾನುವಾರ

ಅತ್ತೆ ಬೆಳಗ್ಗೆಯಿಂದ ಅಟ್ಟದ ಮೇಲಿನ ಪಾತ್ರೆ ಎಲ್ಲ ಇಳಿಸಿ ಎರಡು ಗುಂಪು ಮಾಡ್ತಿದಾರೆ. ಏನಕ್ಕೆ ಅತ್ತೆ ಅಂದ್ರೆ "ಧೂಳು" ಅಂದ್ರು. ಒಂದು ಗುಂಪಲ್ಲಿ ಎಲ್ಲ ಚಿಕ್ಕ ಚಿಕ್ಕ ಪಾತ್ರೆ, ಇಬ್ಬರಿಗೆ ಆಗೋವಷ್ಟು. ಮುದ್ದಾಗಿವೆ. ನಾನೂ ಒರೆಸಿ ಕೊಟ್ಟೆ.

ಅಕ್ಟೋಬರ್ ೩, ಗುರುವಾರ

ಬಸ್ಸಲ್ಲಿ ಕೇಳಿಯೇಬಿಟ್ಟೆ, ಈ ವಯಸ್ಸಲ್ಲಿ ಸೈಕಾಲಜಿ ಯಾಕೆ ಅತ್ತೆ ಅಂತ.

"ಅಳ್ತಾ ಫೋನ್ ಮಾಡ್ತಿದ್ರು. ನಮ್ಮ ಮಗು ಹೇಗಿದೆ, ನಮ್ಮಪ್ಪ ಹೇಗಿದಾರೆ ಅಂತ. ನಾನು 'ಒಂದು ನಿಮಿಷ' ಅಂತ ವಾರ್ಡಿಗೆ ಜೋಡಿಸಿ ಕೈಬಿಡ್ತಿದ್ದೆ. ಆಮೇಲೆ ಏನಾಯ್ತು ಅಂತ ಒಂದು ಸಲಾನೂ ಗೊತ್ತಾಗಲಿಲ್ಲ. ಬರೀ ಜೋಡಿಸಿದ್ದಾಯ್ತು, ಒಬ್ಬರದ್ದಾದ್ರೂ ಪೂರ್ತಿ ಕೇಳಬೇಕು ಅಂತ ಆಸೆ."

ನನಗೆ ಅಳು ಬಂತು. ಕಿಟಕಿ ಕಡೆ ತಿರುಗಿ ನೆಗಡಿ ಅಂದೆ. "ಇನ್ನೂ ಹೋಗಿಲ್ವಾ ನೆಗಡಿ?" ಅಂದ್ರು ನಮ್ಮತ್ತೆ, ಸೆರಗಿನ ತುದಿ ಕೊಟ್ಟರು.

ಅಕ್ಟೋಬರ್ ೧೭, ಗುರುವಾರ

ಸಂಖ್ಯಾಶಾಸ್ತ್ರ ಅನ್ನೋದನ್ನ ಕಂಡುಹಿಡಿದವನ ಮನೆ ನಲ್ಲಿಯಲ್ಲಿ ನೀರು ಬರದೇ ಹೋಗಲಿ. ಸರಾಸರಿಯಿಂದ ಎಷ್ಟು ದೂರ ಅಂತ ಲೆಕ್ಕ ಹಾಕೋದು ಅತ್ತೆಗೆ ತಲೆಗೇ ಹೋಗ್ತಿಲ್ಲ. "ನನ್ನಿಂದ ಆಗಲ್ಲ, ಬಿಟ್ಟುಬಿಡ್ತೀನಿ" ಅಂತ ಪುಸ್ತಕ ಮುಚ್ಚಿದ್ರು. ನಾನು ಆಲೂಗಡ್ಡೆ ಬುಟ್ಟಿ ತಂದು ಮೇಜಿನ ಮೇಲೆ ಸುರಿದೆ. ಮಧ್ಯಮ ಗಾತ್ರದ್ದು ಇಲ್ಲಿ, ದೊಡ್ಡದು ಆ ಕಡೆ, ಚಿಕ್ಕದು ಈ ಕಡೆ. "ಇವೆಲ್ಲ ಆ ಮಧ್ಯದ್ದರಿಂದ ಎಷ್ಟೆಷ್ಟು ದೂರ ಕೂತಿವೆ ಅಂತ ಕೇಳ್ತಿದಾರೆ ಅಷ್ಟೇ ಅತ್ತೆ!" ಅವರು ಒಂದು ಗಳಿಗೆ ನೋಡಿ "ಇಷ್ಟೇನಾ?! ಮತ್ತೆ ಮೇಷ್ಟ್ರಿಗೆ ಏನು ರೋಗ, ಹೀಗೆ ಹೇಳೋಕೆ!" ಅಂದ್ರು. ಆಮೇಲೆ, ನಾನು ಕೇಳದೇ ಇದ್ರೂ, "ಚೆನ್ನಾಗಿ ಹೇಳಿಕೊಟ್ಟೆ" ಅಂದ್ರು.

ಇವರು ಬಂದು "ಅಡುಗೆ?" ಅಂದ್ರು. "ಕಾಣಿಸ್ತಿಲ್ವಾ, ಲೆಕ್ಕದಲ್ಲಿದೆ" ಅಂದ್ವಿ ಇಬ್ಬರೂ.

ಅಕ್ಟೋಬರ್ ೩೦, ಬುಧವಾರ

ಲ್ಯಾಬ್ ಮೇಡಂ ಹೊಸ ಬಾಂಬು ಹಾಕಿದ್ರು. ಮುಂದಿನ ಸೆಮಿಸ್ಟರಿಗೆ ಜೋಡಿಗಳನ್ನ ಬದಲಾಯಿಸ್ತಾರಂತೆ. ಹಾಗೇ ಇರಬೇಕು ಅನ್ನೋರು ಇಬ್ಬರೂ ಸೇರಿ ಬಂದು ಹೇಳಬೇಕಂತೆ. ನಾನು ಅತ್ತೆ ಕಡೆ ನೋಡಿದೆ. ಅವರು ಬೋರ್ಡು ನೋಡ್ತಿದ್ರು. ಅವರಿಗೇ ಬೇಡವಾದ್ರೆ ನನಗೇನಂತೆ. ಒಳ್ಳೇದೇ ಆಯ್ತು. ಯಾರಾದ್ರೂ ಚುರುಕಾದವರು ಸಿಗ್ತಾರೆ.

ಮನೆ ಮಾಲೀಕರು ಫೋನ್ ಮಾಡಿದ್ರಂತೆ, ಈಗಿರೋರು ಮುಂದಿನ ವಾರ ಖಾಲಿ ಮಾಡ್ತಾರೆ ಅಂತ. ಇವರು ಹೇಳಿದಾಗ ಕುಣೀಬೇಕಿತ್ತು. ಹೊಟ್ಟೆ ಸರಿಯಿರಲಿಲ್ಲ, ಮಲಗಿಬಿಟ್ಟೆ.

ಗಿಣಿ ಇವತ್ತು ಹೇಳಿದಳು, "ಆಂಟಿ ಈಗ ಸೊಸೆ ಬಗ್ಗೆ ಏನೂ ಹೇಳಲ್ಲಕ್ಕ. ಕೇಳಿದ್ರೆ 'ಆರಾಮಾಗಿದಾಳೆ' ಅಂತಾರೆ. ನಿಮ್ಮತ್ತೆ ಹೇಗಿದಾರೆ?" ನೋಡಿದ್ರೆ ನಾನೂ ಎಷ್ಟೋ ದಿನದಿಂದ ಏನೂ ಹೇಳೇ ಇಲ್ಲ. ಪರೀಕ್ಷೆ ಹತ್ತಿರ ಬಂತಲ್ಲ, ಪುರುಸೊತ್ತಿಲ್ಲ.

ನವೆಂಬರ್ ೧೧, ಸೋಮವಾರ

ಎಲ್ಲ ಬರೀತೀನಿ, ಒಂದೂ ಬಿಡಲ್ಲ.

ಪ್ರಯೋಗದ ಪರೀಕ್ಷೆ. ಬೇರೆ ಕಾಲೇಜಿಂದ ಬಂದ ಪರೀಕ್ಷಕರು ನಗು ಅನ್ನೋದನ್ನ ಮನೇಲಿ ಬಿಟ್ಟು ಬಂದಿದ್ರು. ಚೀಟಿ ಎತ್ತಿದೆ. ಕನ್ನಡಿ ಪ್ರಯೋಗ! ಅತ್ತೆ ಮುಖ ನೋಡಿದೆ, ಅತ್ತೆ ಕನ್ನಡಿ ನೋಡಿದ್ರು. ಅಪ್ಪಣೆ ಹೇಳಿದೆ, ಸ್ಟಾಪ್‌ವಾಚು ಒತ್ತಿದೆ. ಮೊದಲನೇ ಸಲ ಕೋಳಿ ಕೆದಕಿದ ಹಾಗೆ, ಎರಡನೇ ಸಲ ಕಮ್ಮಿ ಕೋಳಿ, ಕೊನೇ ಸಲ, ದೇವರಾಣೆ, ನಕ್ಷತ್ರ! ಐದು ಮೂಲೆಯೂ ಇರೋ ನಕ್ಷತ್ರ! ಕೂಗಿಬಿಡೋಣ ಅನ್ನಿಸ್ತು. ಕೆನ್ನೆ ಕಚ್ಕೊಂಡೆ.

ಆಮೇಲೆ ಒಳಗಿನ ವರದಿ. ಪರೀಕ್ಷಕರು ನನ್ನ ಬೆನ್ನ ಹಿಂದೇ ನಿಂತಿದ್ರು. ಅತ್ತೆ ಕೈ ಕಟ್ಟಿ ಕೂತು, ಕನ್ನಡಿ ಹೇಗೆ ದಾರಿ ತಪ್ಪಿಸ್ತು, ಕೈ ಹೇಗೆ ಪಳಗಿತು ಅಂತ ಪುಸ್ತಕ ಓದಿದ ಹಾಗೆ ಹೇಳಿದ್ರು. ನಾನು ಬರ್ಕೊಂಡೆ. ನಿಯಮದ ಪ್ರಕಾರ ಕೇಳಿದೆ:

"ಇನ್ನೇನಾದರೂ ಹೇಳುವುದಿದೆಯೇ?"

"ಇದೆ" ಅಂದ್ರು.

ಮತ್ತೆ ಪೆನ್ನು ಕಾಗದಕ್ಕೆ ಒತ್ತಿದೆ.

"ಬಿಡಿಸೋವಾಗ ಸಬ್ಜೆಕ್ಟಿನ ಮನಸ್ಸಲ್ಲಿ ಬೇರೆ ಒಂದು ಯೋಚನೆ ಇತ್ತು. ಸಬ್ಜೆಕ್ಟಿನ ಮಗ ಸೊಸೆ ಬೇರೆ ಮನೆ ಮಾಡ್ತಿದಾರೆ. ಹೇಳೋಕೆ ಹೆದರ್ಕೊಂಡಿದಾರೆ. ಬೀಗ ಅಂದ್ರೆ ನವೆಂಬರ್ ಅಂದಾಗಲೇ ಸಬ್ಜೆಕ್ಟಿಗೆ ಗೊತ್ತಾಯ್ತು. ಅವರಿಗೆ ಬೇಕಾಗೋ ಪಾತ್ರೆ ಬೇರೆ ಮಾಡಿ ಇಟ್ಟಾಗಿದೆ."

ಪೆನ್ನು ನಿಂತಿತು. ಪರೀಕ್ಷಕರು ಕೆಮ್ಮಿದ್ರು. ಮತ್ತೆ ಬರ್ಕೊಂಡೆ. ಪಾ-ತ್ರೆ-ಬೇ-ರೆ-ಮಾ-ಡಿ. ಆ ಚಿಕ್ಕ ಚಿಕ್ಕ ಪಾತ್ರೆ! ನಾನೇ ಒರೆಸಿ ಕೊಟ್ಟಿದ್ದೆನಲ್ಲ!

"ಹೋಗಲಿ. ಆ ವಯಸ್ಸಲ್ಲಿ ನಾನೂ ಕೇಳಿದ್ದೆ, ನನಗೆ ಯಾರೂ ಕೊಡಲಿಲ್ಲ. ಅದಕ್ಕೆ ಬೇಜಾರಿಲ್ಲ. ಬೇಜಾರು ಇನ್ನೊಂದಕ್ಕೆ. ಮುಂದಿನ ಸಲ ಜೋಡಿ ಬದಲಾಗುತ್ತೆ ಅಂದ್ರು. ಅವಳಿಗೆ ಚುರುಕಾದವರು ಬೇಕಿರಬಹುದು, ನಾನಾಗಿ ಕೇಳೋದು ಹೇಗೆ? ಈ ಕುರ್ಚಿಯಲ್ಲಿ ಬೇರೆ ಯಾರೋ ಕೂತು, ಇನ್ನೇನಾದರೂ ಹೇಳುವುದಿದೆಯೇ ಅಂತ ಕೇಳ್ತಾರೆ. ನನಗೆ ಹೇಳೋಕೆ ಏನೂ ಇರಲ್ಲ. ಅಷ್ಟೇ. ವರದಿ ಮುಗೀತು."

ನಾನು ಎದುರುತ್ತರ ಕೊಡೋ ಹಾಗಿಲ್ಲ. ತಲೆ ಆಡಿಸೋ ಹಾಗಿಲ್ಲ. ಅವರು ಹೇಳಿದ್ದನ್ನ ಬರ್ಕೊಂಡು "ಧನ್ಯವಾದ" ಅಂತ ಎದ್ದರೆ ಮುಗೀತು, ಅಂಕ ಎಲ್ಲ ನನ್ನವೇ. ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು.

"ಜೋಡಿ ಬದಲಾಗಲ್ಲ, ಅತ್ತೆ" ಅಂದೆ.

ಮೂಲೆಯಿಂದ ಗಿಣಿ ಕಿರುಚಿದಳು, "ಅತ್ತೇನಾ?!" ಅವಳ ಸ್ಟಾಪ್‌ವಾಚು ಕೆಳಗೆ ಬಿತ್ತು. "ಅಯ್ಯೋ ಹಾಗಾದ್ರೆ ಆ ಸೊಸೆ... ಈ ಅತ್ತೆ... ನಾನು ಇಬ್ಬರಿಗೂ... ಅಯ್ಯಯ್ಯೋ!"

"ಪ್ರಯೋಗ ಮಾಡುವವರು ಸಬ್ಜೆಕ್ಟಿಗೆ ಉತ್ತರ ಕೊಡುವಂತಿಲ್ಲ" ಅಂದ್ರು ಪರೀಕ್ಷಕರು, ಕೆಂಪು ಪೆನ್ನು ತೆಗೆದ್ರು.

ಅತ್ತೆ ಎದ್ದು ನಿಂತ್ರು. "ಉತ್ತರ ಎಲ್ಲಿ ಕೊಟ್ಟಳು ಸರ್? ಅತ್ತೆ ಅಂತ ಕರೆದಳು, ಅಷ್ಟೇ." ಆಮೇಲೆ ನನ್ನ ಕಡೆ ತಿರುಗಿ, ಗೇಟಿನ ಒಳಗೆ, ಎಲ್ಲರ ಎದುರಿಗೆ, "ಮೂಗು ಒರೆಸ್ಕೋ ಸೊಸೆ, ಈಗ ನನ್ನ ಸರದಿ" ಅಂದ್ರು.

ಅವರ ಸರದಿಯಲ್ಲಿ ನಾನು ಸಬ್ಜೆಕ್ಟಾಗಿ ಕೂತು ಒಳಗಿನ ವರದಿಯಲ್ಲಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಮನೆ ವಿಷಯ ಮುಚ್ಚಿಟ್ಟಿದ್ದು ಹೇಳಿದೆ, ಎಲ್ಲ ಹೇಳಿದೆ. ಅವರು ಕಲ್ಲಿನ ಹಾಗೆ ಕೂತು ಪ್ರತಿ ಬಿಕ್ಕನ್ನೂ ಬರ್ಕೊಂಡ್ರು. ಒಂದು ಹುಬ್ಬೂ ಅಲುಗಲಿಲ್ಲ. ಮೇಜಿನ ಕೆಳಗೆ ಮಾತ್ರ ಅವರ ಕಾಲು ನನ್ನ ಕಾಲಿನ ಮೇಲಿತ್ತು. ಅದು ಪರೀಕ್ಷಕರಿಗೆ ಕಾಣಲಿಲ್ಲ.

ಅವರಿಗೆ ಪೂರ್ತಿ ಅಂಕ. ನನಗೆ ಹೇಗೋ ಪಾಸು. ಹೊರಗೆ ಬರೋವಾಗ ಇಬ್ಬರೂ ಸೇರಿ ಲ್ಯಾಬ್ ಮೇಡಂ ಹತ್ತಿರ ಹೋಗಿ ಹೇಳಿ ಬಂದ್ವಿ.

ಡಿಸೆಂಬರ್ ೮, ಭಾನುವಾರ

ಹೊಸ ಮನೆ! ಬಿಸಿಲು ನೇರ ಒಲೆ ಮೇಲೆ ಬೀಳ್ತಿದೆ. ಚಿಕ್ಕ ಚಿಕ್ಕ ಪಾತ್ರೆ ಎಲ್ಲ ಸಾಲಾಗಿ ಕೂತಿವೆ. ಯಾರೂ ಕೇಳೋರಿಲ್ಲ, ಹೇಳೋರಿಲ್ಲ, ಸ್ವಾತಂತ್ರ್ಯ ಅಂದ್ರೆ ಇದು.

ಸಂಜೆ ಹೊತ್ತು ಮಾತ್ರ ಹಳೇ ಮನೆಗೆ ಹೋಗ್ತಿದೀನಿ, ಸಂಖ್ಯಾಶಾಸ್ತ್ರಕ್ಕೋಸ್ಕರ. ಒಬ್ಬಳೇ ಓದಿದ್ರೆ ತಲೆಗೆ ಹೋಗಲ್ಲ. ದಿನಾ ಹೋಗ್ತೀನಿ ಅಂತೇನಿಲ್ಲ. ಸೋಮವಾರದಿಂದ ಶನಿವಾರದವರೆಗೆ ಅಷ್ಟೇ. ಇವತ್ತು ಭಾನುವಾರ ಅಂತ ಅತ್ತೆಯೇ ಇಲ್ಲಿಗೆ ಬರ್ತಿದಾರೆ. ಪರದೆಗೆ ಯಾವ ಬಣ್ಣ ಅಂತ ಅಂಗಡಿಯವರು ಕೇಳಿದ್ರು, ಅವರು ಬರಲಿ, ನೋಡಿ ಹೇಳ್ತೀನಿ ಅಂದಿದೀನಿ.

ಅವರು ಬರೋದರೊಳಗೆ ಆಗಲಿ ಅಂತ ಇವರು ಬೆಳಗ್ಗೆ ಪಾತ್ರೆ ಎಲ್ಲ ತಾವೇ ತೊಳೆದಿಟ್ಟರು, ಪಾಪ. ನಾನು ಹೋಗಿ ಸೌಟು ಎತ್ತಿ ಕಿಟಕಿ ಬೆಳಕಿಗೆ ಹಿಡಿದು ನೋಡಿ, ನಲ್ಲಿ ತಿರುಗಿಸಿದೆ. ಅಷ್ಟಕ್ಕೇ ಇವರು ಬಾಗಿಲಿಗೆ ಒರಗಿ ಹೊಟ್ಟೆ ಹಿಡ್ಕೊಂಡು ನಗೋಕೆ ಶುರುಮಾಡಿದ್ರು. ಇದರಲ್ಲಿ ನಗೋವಂಥದ್ದೇನಿದೆ? ನಗ್ತಾನೇ ಗಂಟಲು ಸರಿಮಾಡ್ಕೊಂಡು ಅವರಮ್ಮನ ದನಿ ತೆಗೆದು "ಇನ್ನೇನಾದರೂ ಹೇಳುವುದಿದೆಯೇ?" ಅಂದ್ರು.

"ಇದೆ" ಅಂದೆ. "ಹಿಡಿ ಕೆಳಗೆ ಜಿಡ್ಡು ಹಾಗೇ ಇದೆ."